ಬೆಳಗಾವಿಯ ಉಲ್ಟಾ ರೌಂಡು

ಕಾಸರಗೋಡಿನವರಿಗೆ ಕರ್ನಾಟಕವೂ ಹೊರರಾಜ್ಯವೇ. ತಲಪಾಡಿಯ ಗೇಟು ದಾಟಿದ ಕೂಡಲೇ ಬಸ್ಸುಗಳ ಬಣ್ಣ, ಬೋರ್ಡುಗಳ ಅಕ್ಷರ, ಪೊಲೀಸರ ಟೋಪಿ ಎಲ್ಲ ಬದಲಾಗುತ್ತವೆ. ಹಾಗಾಗಿ ಬೆಳಗಾವಿಗೆ ಹೋಗಿ ಬಂದದ್ದನ್ನು ವಿದೇಶಕ್ಕೆ ಹೋಗಿ ಬಂದವರ ಧಾಟಿಯಲ್ಲಿ ಬರೆದರೆ ಊರಿನ ಓದುಗರು ನಗಲಾರರು ಎಂದುಕೊಂಡಿದ್ದೇನೆ. ನನ್ನ ಹತ್ತಿರ ಪಾಸ್‌ಪೋರ್ಟ್ ಇರಲಿಲ್ಲ. ಪಾಸ್‌ಪೋರ್ಟ್ ಇದ್ದದ್ದು ಈ ಬರಹದಲ್ಲಿ ಬರುವ ರಿಯಾಜ್ ಎಂಬ ಹುಡುಗನ ಹತ್ತಿರ. ಅವನು ಎಲ್ಲಿಗೂ ಹೋಗಲಿಲ್ಲ.

ನೋಡಿದ್ದನ್ನು ನೋಡಿದ ಕ್ರಮದಲ್ಲೇ ಬರೆಯಲು ಪ್ರಯತ್ನಿಸುತ್ತೇನೆ. ಕೇಳಿದ ಮಾತುಗಳನ್ನು ಆದಷ್ಟು ಕೇಳಿದ ಹಾಗೆಯೇ ಬರೆಯುತ್ತೇನೆ. ಈ ಕಥೆಯಲ್ಲಿ ಒಂದೊಂದು ಪದವೂ ಯಾರ ಬಾಯಿಂದ, ಯಾವಾಗ ಬಂತು ಎನ್ನುವುದೇ ಮುಖ್ಯ.

ಬೆಳಗಾವಿ ಸ್ಟೇಷನ್

ರೈಲಿಳಿದು ರಿಕ್ಷಾ ಹತ್ತಿ, "ಮಹಾಂತೇಶ ನಗರಕ್ಕೆ ಹೋಗಬೇಕು" ಎಂದೆ. ಚಾಲಕ ಕನ್ನಡಿಯಲ್ಲಿ ನನ್ನ ಮುಖ ನೋಡಿದ.

"ಯಾವೂರ್ರಿ ನಿಮ್ದು?"

"ಕಾಸರಗೋಡು."

"ಕೇರಳಾ ಆತಲ್ರಿ ಅದು!" ಎಂದು ರಿಕ್ಷಾದ ವೇಗವನ್ನೇ ಕಡಿಮೆ ಮಾಡಿದ. "ಆದ್ರೂ ಕನ್ನಡಾ ಭಾಳ ಚಲೋ ಮಾತಾಡ್ತೀರಿ. ಯಾರ ಕಡೆ ಕಲ್ತ್ರಿ?"

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಅದನ್ನೆಲ್ಲ ಹೇಳುವುದು ಬೇಡವೆನಿಸಿ, "ಅಮ್ಮನ ಹತ್ತಿರ" ಎಂದೆ.

"ಅವರು ಈ ಕಡೆದವ್ರೇನು?"

ಇಲ್ಲ ಎಂದೆ. ಅವನಿಗೆ ಲೆಕ್ಕ ಹೊಂದಲಿಲ್ಲ. ಮಹಾಂತೇಶ ನಗರದವರೆಗೂ ಆಗಾಗ ಕನ್ನಡಿಯಲ್ಲಿ ನೋಡುತ್ತ ಬಂದ. ಇಳಿಯುವಾಗ ಮತ್ತೊಮ್ಮೆ, "ಖರೇನ ಭಾಳ ಚಲೋ ಮಾತಾಡ್ತೀರಿ ನೋಡ್ರಿ" ಎಂದು ಹೊಗಳಿದ. ಆ ಹೊಗಳಿಕೆ ನನ್ನನ್ನು ಊರ ಹೊರಗಿಟ್ಟಂತೆ ಇತ್ತು. ಅದು ಸಣ್ಣ ವಿಷಯ. ನಕ್ಕು ಇಳಿದೆ.

ಮಹಾಂತೇಶ ನಗರ

ನನ್ನ ತಂಗಿಯ ಮಗಳು ಅಕ್ಷತಾ ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಮಾದೇವಕ್ಕ ಎಂಬವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾಳೆ. ಮಾದೇವಕ್ಕ ಹಣೆಗೆ ವಿಭೂತಿ ಇಟ್ಟುಕೊಂಡು ಬೆಳಿಗ್ಗೆ ಲಿಂಗಪೂಜೆ ಮುಗಿಸಿದ ಮೇಲೆಯೇ ಮಾತಿಗೆ ಶುರುಮಾಡುವವರು. ಶುರುಮಾಡಿದ ಮೇಲೆ ನಿಲ್ಲಿಸುವವರಲ್ಲ.

"ಕುಂದರ್ರಿ ಅಕ್ಕೋರ, ಕುಂದರ್ರಿ. ಹಂಗ್ಯಾಕ ನಿಂತೀರಿ?"

ಅಕ್ಕೋರು ಎಂದರೆ ಇಲ್ಲಿ ಶಾಲೆಯ ಶಿಕ್ಷಕಿ. ನಮ್ಮಲ್ಲಿ ಎಲ್ಲರೂ ಟೀಚರ್ ಎನ್ನುತ್ತಾರೆ. ಅಕ್ಕೋರು ಎನಿಸಿಕೊಂಡಾಗ ಮನೆಯೊಳಗೆ ಒಂದು ಮೆಟ್ಟಿಲು ಹೆಚ್ಚೇ ಒಳಕ್ಕೆ ಬಂದ ಹಾಗಾಯಿತು. ನಮ್ಮ ನೀರುದೋಸೆ ನಾಲಿಗೆಗೆ ತಾಗುವ ಮೊದಲೇ ಕರಗುತ್ತದೆ. ಮಾದೇವಕ್ಕನ ಕಟಕ್ ರೊಟ್ಟಿ ಮುರಿಯುವ ಸದ್ದು ಪಕ್ಕದ ಮನೆಗೆ ಕೇಳಿಸುತ್ತದೆ. ಮೊದಲ ತುತ್ತಿನಲ್ಲಿ ಅರ್ಧ ರೊಟ್ಟಿ ನನ್ನ ಮಡಿಲಿಗೆ ಸಿಡಿಯಿತು. "ಕೈ ಕಲೀಬೇಕ್ರಿ ಅದಕ್ಕ" ಎಂದು ಅವರು ಇನ್ನೊಂದು ಬಡಿಸಿದರು.

ರಿಯಾಜ್‌ನ ಹೆಸರು ಮೊದಲು ಕೇಳಿದ್ದು ಆ ಊಟದಲ್ಲಿ. ಫೌಂಡ್ರಿಯಲ್ಲಿ ಕೆಲಸ ಮಾಡುವ ಅವನು ಭುಜ ಹಿಡಿದುಕೊಂಡು ಅಕ್ಷತಾಳ ಹತ್ತಿರ ಬಂದವನು. "ಕೈ ಎತ್ತಿ ಇಳಿಸಿ ಎಣಿಸು ಅಂದರೆ ಪ್ರಾಸ ಹಾಕಿ ಎಣಿಸುತ್ತಾನೆ ದೊಡ್ಡಮ್ಮ" ಎಂದಳು. "ರ‍್ಯಾಪ್ ಬ್ಯಾಟಲ್ ಮಾಡುತ್ತಾನೆ. ಇಬ್ಬರು ಎದುರೆದುರು ನಿಂತು ನಿಂತಲ್ಲೇ ಹಾಡು ಕಟ್ಟಿ ಒಬ್ಬರನ್ನೊಬ್ಬರು ಬೈಯುವುದು. ಅವನು ಕನ್ನಡದಲ್ಲೇ ಕಟ್ಟುತ್ತಾನೆ. ನಾಳೆ ಇದೆ, ಬರುತ್ತೀಯಾ?"

ಮಾದೇವಕ್ಕ ಬಾಯಿಗೆ ಸೆರಗು ಹಿಡಿದರು. "ಬೈಗಳಾ ಕೇಳಾಕ ಅಷ್ಟ ದೂರ ಯಾಕ ಹೋಗ್ತೀರಿ ಅಕ್ಕೋರ? ನಳದ ನೀರ ಬಂದಾಗ ನಮ್ಮ ಓಣಿಗೆ ಬಂದು ನಿಂದರ್ರಿ."

ಉದ್ಯಮಬಾಗ

ಊರಿನ ಕಾರ್ಖಾನೆಗಳೆಲ್ಲ ಈ ಕಡೆ. ಮುಚ್ಚಿಹೋದ ಒಂದು ಶೆಡ್ಡಿನ ಅಂಗಳದಲ್ಲಿ ಸಂಜೆಯ ಬಿಸಿಲಿಗೆ ಹುಡುಗರು ದುಂಡಗೆ ನಿಂತಿದ್ದರು. ಹುಡುಗಿಯರು ಇಬ್ಬರೋ ಮೂವರೋ. ಒಂದು ಸ್ಪೀಕರ್ ಪೆಟ್ಟಿಗೆಯಿಂದ ತಾಳ ಬರುತ್ತಿತ್ತು. ಸುತ್ತಿನ ನಡುವೆ ಬಂದವನು ಮೊದಲು ತನ್ನ ಓಣಿಯ ಹೆಸರು ಕೂಗಬೇಕು, ಆಮೇಲೆ ತನ್ನ ಹೆಸರು.

ರಿಯಾಜ್ ತೆಳ್ಳಗಿನ ಹುಡುಗ. ಮುಂಗೈ ತುಂಬ ಕರಗಿದ ಕಬ್ಬಿಣ ಸಿಡಿದ ಸಣ್ಣ ಸಣ್ಣ ಕಲೆಗಳು. ಓಣಿಯ ಹೆಸರು ಮೊದಲು ಯಾಕೆ ಎಂದು ಅವನನ್ನೇ ಕೇಳಿದೆ.

"ಅಂಗಡ್ಯಾಗ ಕೆಲಸ ಕೇಳಾಕ ಹೋದ್ರ ಪೀರನವಾಡಿ ಅನ್ನೂದಿಲ್ರಿ ನಾವು. ಉದ್ಯಮಬಾಗದ ಬಾಜು ಅಂತೀವಿ. ಪೀರನವಾಡಿ, ಮ್ಯಾಲ ರಿಯಾಜ್ ಅಂದ್ರ, ಫೋನ್ ಮಾಡ್ತೀವಿ ಹೋಗಪಾ ಅಂತಾರ. ಫೋನ್ ಬರೂದಿಲ್ಲ. ಅದಕ್ಕ ಇಲ್ಲಿ ಅದನ್ನ ಮೊದ್ಲ ಒದರ್ತೀವಿ."

ಎದುರಾಳಿ ಓಂಕಾರ. ಖಾನಾಪುರದ ಸ್ಟೇಷನ್ ಹಿಂದಿನ ಗಲ್ಲಿಯವನು, ಲಾರಿಗೆ ಹೆಂಚು ಇಟ್ಟಿಗೆ ಏರಿಸುವ ಕೆಲಸ. ಮನೆಮಾತು ಮರಾಠಿ. ಅಗಲ ಮುಖ, ಅದಕ್ಕಿಂತ ಅಗಲವಾದ ನಗು. ತಲೆಗೆ ದೇವನಾಗರಿಯಲ್ಲಿ ಖಾನಾಪುರ ಎಂದು ಬರೆದ ಕರಿ ಟೋಪಿ.

ಮೊದಲಿನ ಸುತ್ತುಗಳಲ್ಲಿ ಇಬ್ಬರೂ ಒಬ್ಬರ ಓಣಿಯ ಗಟಾರದ ಕೊಳಕನ್ನು ಇನ್ನೊಬ್ಬರು ಹಾಡಿ ಆಡಿಕೊಂಡರು. ಜಗಳದಂತೆ ಕಾಣುತ್ತದೆ, ಮೂಗು ಮೂಗು ತಾಗುವಷ್ಟು ಹತ್ತಿರ ನಿಲ್ಲುತ್ತಾರೆ. ಆದರೆ ಎದುರಿನವನ ಸಾಲು ಚೆನ್ನಾಗಿ ಬಂದರೆ ಬೈಸಿಕೊಂಡವನೇ ಮೊದಲು ಚಪ್ಪಾಳೆ ತಟ್ಟುತ್ತಾನೆ. ಆಮೇಲೆ ಬಂತು ಉಲ್ಟಾ ರೌಂಡು. ಇದನ್ನು ನಾನು ನಿಧಾನವಾಗಿ ವಿವರಿಸಬೇಕು.

ಉಲ್ಟಾ ರೌಂಡಿನಲ್ಲಿ ಇಬ್ಬರೂ ಟೋಪಿ ಅದಲುಬದಲು ಮಾಡಿಕೊಳ್ಳುತ್ತಾರೆ. ಓಂಕಾರನ ಟೋಪಿ ಹಾಕಿಕೊಂಡ ರಿಯಾಜ್ ಈಗ ಓಂಕಾರ. ಅವನು ರಿಯಾಜ್‌ನನ್ನು, ಅಂದರೆ ತನ್ನನ್ನೇ, ಬೈಯಬೇಕು. ತನ್ನ ಓಣಿಗೆ 'ನಿಮ್ಮ' ಓಣಿ ಎನ್ನಬೇಕು. ಎದುರಿನವನದ್ದಕ್ಕೆಲ್ಲ 'ನಮ್ಮ' ಎನ್ನಬೇಕು. ಅಭ್ಯಾಸಬಲದಿಂದ ಒಂದು ಸಲ ತನ್ನದಕ್ಕೆ 'ನಮ್ಮ' ಅಂದುಬಿಟ್ಟರೆ ಸುತ್ತಲಿನವರೆಲ್ಲ "ಚುಕ್ಲಾ!" ಎಂದು ಕಿರುಚುತ್ತಾರೆ. ತಪ್ಪಿದ ಎಂಬುದಕ್ಕೆ ಮರಾಠಿ. ಅಲ್ಲಿಗೆ ಸೋತ ಹಾಗೆ.

ನನಗೆ ತಟ್ಟನೆ ನಮ್ಮೂರ ತಾಳಮದ್ದಳೆ ನೆನಪಾಯಿತು. ವೇಷವಿಲ್ಲ, ಬಣ್ಣವಿಲ್ಲ, ಕೂತಲ್ಲೇ ಒಬ್ಬರು ಕೌರವ, ಒಬ್ಬರು ಕೃಷ್ಣ. ಕೌರವನ ಅರ್ಥ, ಅಂದರೆ ಪಾತ್ರದ ಮಾತು, ಹೇಳುವವರು ಕೃಷ್ಣನನ್ನು ಗೊಲ್ಲ, ಕಳ್ಳ ಎಂದು ಜರೆಯುತ್ತಾರೆ. ಬೆಳಿಗ್ಗೆ ಅವರಿಗೇ ದೇವಸ್ಥಾನದಲ್ಲಿ ಪ್ರಸಾದ ಕೊಡುತ್ತಾರೆ. ಅಂಥದ್ದೊಂದನ್ನು ಈ ಹುಡುಗರು ಯಾರೂ ಹೇಳಿಕೊಡದೆ ಶೆಡ್ಡಿನ ಅಂಗಳದಲ್ಲಿ ಕಟ್ಟಿಕೊಂಡಿದ್ದರು.

ಮೊದಲು ಓಂಕಾರ, ರಿಯಾಜ್ ಆಗಿ ಶುರುಮಾಡಿದ:

"ಊರಿಗೆಲ್ಲಾ ಹಂಚ ಸುಟ್ಟು ಕೊಟ್ಟಾವ್ರು ನೀವ ಖರೇ
ನಿಮ್ಮ ಮನಿ ಮ್ಯಾಲ ತಗಡ ಯಾಕ, ಅದಕ್ಕೂ ತೂತ ಬ್ಯಾರೆ"

ಎಲ್ಲರೂ ಹೋ ಎಂದರು. ಆ ಉತ್ಸಾಹದಲ್ಲಿ ಮುಂದಿನ ಸಾಲಿಗೆ, "ನಮ್ಮ ಖಾನಾಪುರ..." ಎಂದುಬಿಟ್ಟ. "ಚುಕ್ಲಾ! ಚುಕ್ಲಾ!" ಓಂಕಾರ ಹಣೆ ಚಚ್ಚಿಕೊಂಡು ನಕ್ಕ.

ರಿಯಾಜ್‌ನ ಸರದಿ. ಓಂಕಾರನ ಹಾಗೆಯೇ ಕಾಲು ಅಗಲಿಸಿ ನಿಂತ. ದನಿಗೆ ಮರಾಠಿಯ ಎಳೆತ ಬಂತು.

"ನಿಮ್ಮ ಕನ್ನಡ ಏನ್ ಕನ್ನಡ, ಬೋರ್ಡಿನ ಮ್ಯಾಲಿನ ಬಣ್ಣ
ಒಂದ ಮಳಿಗೆ ತೊಳದ ಹೊಕ್ಕೈತಿ, ಉಳಿಯೂದು ಬರೇ ಸುಣ್ಣ
ನಿಮ್ಮ ಸಾಲಿ, ನಿಮ್ಮ ಪಾಟಿ, ಪಾಟಿ ಮ್ಯಾಲಿನ ಹುಲಿ
ನಮ್ಮ ಆಯಿ ಮರಾಠ್ಯಾಗ ಕೆಮ್ಮಿದ್ರ ನಿಮ್ಮ ಅಕ್ಷರಕ್ಕೆಲ್ಲಾ ಚಳಿ"

ಒಂದೂ 'ನಮ್ಮ' ತಪ್ಪಲಿಲ್ಲ. ಸುತ್ತ ನಿಂತವರಿಗೆ ಹುಚ್ಚು ಹಿಡಿದಂತಾಯಿತು. ಓಂಕಾರ ತನ್ನ ಆಯಿಯ, ಅಂದರೆ ಅಮ್ಮನ, ಕೆಮ್ಮು ಕೇಳಿ ನೆಲದ ಮೇಲೆ ಕೂತು ನಗುತ್ತಿದ್ದ. ಆಮೇಲೆ ರಿಯಾಜ್ ಆ ಟೋಪಿ ತೆಗೆದು ಕೊಟ್ಟು, ತನ್ನದನ್ನು ಹಾಕಿಕೊಂಡು, ತನ್ನದೇ ದನಿಯಲ್ಲಿ ಉತ್ತರ ಕೊಟ್ಟ:

"ಬೋರ್ಡ್ ತೊಳದ್ರ ತೊಳೀಲಿ ಬಿಡು, ನಾಲಿಗಿ ಹೆಂಗ ತೊಳಿತಿ ನೀ?
ಅಮ್ಮಿ ದಖನ್ಯಾಗ ಎಬ್ಬಸ್ತಾಳ, ನಾ ಕನ್ನಡದಾಗ ಏಳ್ತೀನಿ"

ದಖನಿ ಎಂದರೆ ಈ ಕಡೆಯ ಮುಸ್ಲಿಮರ ಮನೆಮಾತಾದ ಉರ್ದು. ಈ ಎರಡು ಸಾಲಿಗೆ ನಾನೂ ಚಪ್ಪಾಳೆ ತಟ್ಟಿದೆ. ನನ್ನ ಪಕ್ಕದಲ್ಲಿ ಹಲವು ಫೋನುಗಳು ಮೇಲೆ ಎದ್ದಿದ್ದವು.

ಮುಗಿದ ಮೇಲೆ ಚಹಾದ ಗಾಡಿಯ ಹತ್ತಿರ ಅವನು ತನ್ನ ಫೋನಿನಲ್ಲಿ ಒಂದು ಪೋಸ್ಟರ್ ತೋರಿಸಿದ. ಕೊಲ್ಲಿಯ ಒಂದು ಕನ್ನಡ ಸಂಘ ತಮ್ಮ ನಾಡಹಬ್ಬಕ್ಕೆ ಅವನನ್ನು ಕರೆದಿತ್ತು. ಅವನ ಚಿತ್ರದ ಕೆಳಗೆ 'ಬೆಳಗಾವಿಯ ಕನ್ನಡ ರ‍್ಯಾಪರ್' ಎಂದಿತ್ತು.

"ಫೌಂಡ್ರ್ಯಾಗ ನನಗ ಹೆಸರಽ ಇಲ್ರಿ ಅಕ್ಕೋರ, 'ಏ ಮೋಲ್ಡಿಂಗ್' ಅಂತಾರ. ಮಂದಿ ಎಲ್ಲಾರೂ 'ಕನ್ನಡ ಚಲೋ ಮಾತಾಡ್ತೀಯಲ್ಲೋ' ಅಂತಾರ. ದಿನಾ ಅಂತಾರ. ಇವ್ರು ಅಷ್ಟ ಹಂಗ ಅನ್ಲಿಲ್ಲ. ಕನ್ನಡ ರ‍್ಯಾಪರ್ ಅಂತ ಬರದಾರ ನೋಡ್ರಿ."

ನಾನು ರಿಕ್ಷಾದವನ ಕಥೆ ಹೇಳಿದೆ. ಚಹಾ ಚೆಲ್ಲುವಷ್ಟು ನಕ್ಕ. "ನೀವೂ ನಮ್ಮಂಗ ಅಂತ ಆತು!"

ಆಮೇಲೆ ಮೆಲ್ಲಗೆ, "ಅಲ್ಲಿ ಚಳಿ ಇರ್ತೈತೇನ್ರಿ?" ಎಂದ. ನಮ್ಮೂರಲ್ಲಿ ಕೊಲ್ಲಿ ಎಂದರೆ ಆಚೆ ಓಣಿ ಇದ್ದ ಹಾಗೆ, ಮನೆಗೊಬ್ಬರು ಅಲ್ಲಿದ್ದಾರೆ. ಹೊರಗೆ ಬೆಂಕಿಯಂಥ ಬಿಸಿಲು, ಹಾಲ್ ಒಳಗೆ ಏಸಿಯ ಚಳಿ, ಒಂದು ಸ್ವೆಟರ್ ಇಟ್ಟುಕೋ ಎಂದೆ.

"ಬೆಂಕಿ ನಮಗ ರೂಢಿ ಐತ್ರಿ" ಎಂದ. "ಸ್ವೆಟರ್ ಅಷ್ಟ ತಗೋಬೇಕು."

ಪೀರನವಾಡಿ

ಎರಡು ದಿನ ಕಳೆದು ಮಾದೇವಕ್ಕ ಮಹಡಿಗೆ ಏರಿ ಬಂದರು. ಅವರ ಅಣ್ಣನ ಮಗ ಕಳಿಸಿದ ವಿಡಿಯೊ ಫೋನಿನಲ್ಲಿತ್ತು. "ಇಂವಾ ಏನ್ರಿ ನೀವು ನೋಡಾಕ ಹೋಗಿದ್ದ ಹುಡುಗ?"

ರಿಯಾಜ್ ಕಾಲು ಅಗಲಿಸಿ ನಿಂತಿದ್ದ. ತಲೆಯ ಮೇಲೆ ದೇವನಾಗರಿಯಲ್ಲಿ ಬರೆದ ಟೋಪಿ. 'ನಿಮ್ಮ ಕನ್ನಡ ಏನ್ ಕನ್ನಡ' ಎಂಬಲ್ಲಿ ಶುರುವಾಗಿ 'ಚಳಿ' ಎಂಬಲ್ಲಿಗೆ ವಿಡಿಯೊ ಮುಗಿಯಿತು. ಟೋಪಿ ಬದಲಾದದ್ದೂ ಇಲ್ಲ, ಉತ್ತರವೂ ಇಲ್ಲ. ಕೆಳಗೆ ಅವನ ಹೆಸರು, ಓಣಿ, ಮತ್ತು ಕನ್ನಡದ ಅನ್ನ ತಿಂದು ಕನ್ನಡಕ್ಕೆ ಉಗುಳಿದವ ಎಂಬ ಒಂದು ಸಾಲು. ಆಟದೊಳಗೆ ಅವನು ಯಾರೆಂದು ಹೇಳುವುದಕ್ಕಿದ್ದ ಟೋಪಿಯೇ ವಿಡಿಯೊದಲ್ಲಿ ಅವನ ವಿರುದ್ಧ ಸಾಕ್ಷಿಯಾಗಿತ್ತು.

ನಾನು ಉಲ್ಟಾ ರೌಂಡನ್ನು ಮಾದೇವಕ್ಕನಿಗೆ ವಿವರಿಸಿದೆ. ಅವರು ಕೇಳಿಸಿಕೊಂಡು, "ನಮ್ಮ ಹರದೇಶಿ-ನಾಗೇಶಿ ಹಾಡಕಿ ಇದ್ದಂಗ. ಹೆಣ್ಣ ಹೆಚ್ಚೋ ಗಂಡ ಹೆಚ್ಚೋ ಅಂತ ಬೈದಾಡ್ತಾರಲ್ಲ" ಎಂದರು. ಅರ್ಥವಾಯಿತು ಎಂದು ನನಗೆ ಸಮಾಧಾನವಾಯಿತು. ಅವರು ಮುಂದುವರಿಸಿದರು: "ಆದ್ರೂ ಆ ಹುಡುಗ ಹಂಗ ಅನ್ನಬಾರದಿತ್ರಿ. ಇನ್ನೊಬ್ರು ಅಂದಿದ್ರ ಬ್ಯಾರೆ."

ಸಂಜೆ ಅಕ್ಷತಾಳ ಫೋನಿಗೆ ರಿಯಾಜ್‌ನ ಕರೆ ಬಂತು. ನನ್ನನ್ನು ಕೇಳಿದ. ವಿಡಿಯೊ ಕೊಲ್ಲಿಯ ಸಂಘದವರಿಗೂ ತಲುಪಿ ಅವರು ಪ್ರಶ್ನೆ ಕೇಳಿದ್ದರು. ಒಂದು ಕ್ಷಮೆಯ ವಿಡಿಯೊ ಹಾಕಿದರೆ ಯೋಚಿಸುತ್ತೇವೆ ಎಂದಿದ್ದರು. ಇಲ್ಲಿಯ ಕೆಲವರೂ ಅದನ್ನೇ ಕೇಳುತ್ತ ಮನೆಗೆ ಬರುವವರಿದ್ದರು. "ಅಕ್ಕೋರ, ನೀವ ಬಂದು ಹೇಳಿಕೊಡ್ರಿ. ಶುದ್ಧ ಕನ್ನಡದಾಗ. ಒಂದ ಅಕ್ಷರಾನೂ ಯಾರೂ ಹಿಡೀಬಾರದು."

ಮರುದಿನ ಬೆಳಿಗ್ಗೆ ಅಕ್ಷತಾ ನನ್ನನ್ನು ಸ್ಕೂಟರಿನಲ್ಲಿ ಬಿಟ್ಟು ಕೆಲಸಕ್ಕೆ ಹೋದಳು. ಪೀರನವಾಡಿಯಲ್ಲಿ ದೊಡ್ಡ ರಸ್ತೆಯ ಬದಿಗೆ ಹೊಸ ಮನೆಗಳು ಏಳುತ್ತಿವೆ. ಅವುಗಳ ಹಿಂದೆ, ಒಬ್ಬರ ಗೋಡೆಗೆ ಇನ್ನೊಬ್ಬರು ಒರಗಿದಂಥ ಎರಡೆರಡು ಕೋಣೆಯ ಮನೆಗಳು. ರಿಯಾಜ್‌ನ ಅಮ್ಮಿ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು.

ಬಂದವರು ಮೂವರು, ಹೆಗಲಿಗೆ ಹಳದಿ ಕೆಂಪು ಶಾಲು. ಹಿರಿಯರು ಸಭ್ಯರು. ಇದ್ದ ಒಂದೇ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟರು. ನಾನು ಅವರಿಗೆ ಇಡೀ ಆಟ ವಿವರಿಸಿದೆ. ಟೋಪಿಯದ್ದು ಹೇಳಿದೆ, ಉತ್ತರದ ಎರಡು ಸಾಲುಗಳನ್ನು ಬಾಯಿಪಾಠದಿಂದ ಹೇಳಿದೆ. ತಾಳಮದ್ದಳೆಯ ಕೌರವನನ್ನೂ, ಇವರದೇ ಹರದೇಶಿ-ನಾಗೇಶಿಯನ್ನೂ ಎಳೆದು ತಂದೆ.

ಅವರು ತಲೆಯಾಡಿಸುತ್ತ ಕೇಳಿದರು. "ನೀವು ಹೇಳೂದು ಖರೇ ಐತ್ರಿ ಅಕ್ಕೋರ. ನನಗ ತಿಳೀತು. ಆದ್ರ ಹರದೇಶಿ ಹಾಡಾಗ ಮಂದಿ ಕುಂತು ಪೂರ್ತಿ ಕೇಳ್ತಿದ್ರು. ಇದು ಮೊಬೈಲ್. ಇದನ್ನ ನೋಡಿದಾವ್ರ ಮನೀಗೆಲ್ಲಾ ಹೋಗಿ ನೀವು ತಿಳಿಸಿ ಹೇಳ್ತೀರೇನು? ಹುಡುಗನ ಮ್ಯಾಲ ನಮಗ ಸಿಟ್ಟಿಲ್ಲ. ಒಂದು ತಪ್ಪಾತು ಅನ್ಲಿ, ಮುಗೀತು."

ನಾನು ಹೇಳಿಕೊಟ್ಟೆ. ರಿಯಾಜ್ ಗೋಡೆಗೆ ಬೆನ್ನು ಕೊಟ್ಟು ನಿಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆ ಬೋಳು ಬೋಳಾಗಿ ಕಾಣುವಷ್ಟು ನೀರು ಹಾಕಿ ಬಾಚಿದ ಕೂದಲು. ಮೂವರಲ್ಲಿ ಕಿರಿಯವನು ಫೋನ್ ಹಿಡಿದ.

"ಎಲ್ಲರಿಗೂ ನಮಸ್ಕಾರ. ನನ್ನ ಮಾತಿನಿಂದ ನಮ್ಮ ಕನ್ನಡ ಭಾಷೆಗೆ..."

"ಏ ನಿಂದ್ರು ನಿಂದ್ರು." ಕಿರಿಯವನು ಫೋನ್ ಇಳಿಸಿದ. "ನಮ್ಮ ತಗಿ."

"ಏನ್ರಿ?"

"ನಮ್ಮ ಅನ್ನೂದು ತಗಿ ಅಲ್ಲಿ. ಅದೇನ ನಿಂದಾ? 'ಕನ್ನಡಿಗರ ಭಾಷೆಗೆ' ಅನ್ನು."

ರಿಯಾಜ್ ನನ್ನನ್ನು ನೋಡಿದ. ನಾನು ಹಿರಿಯರನ್ನು ನೋಡಿ, "ಅದರಲ್ಲಿ ಏನು ತಪ್ಪಿದೆ? ಅವನ ಭಾಷೆ ಅದು" ಎಂದೆ. ಹಿರಿಯರು ಕಿರಿಯವನ ಕಡೆ ಕೈ ಎತ್ತಿದರು. ಬಿಡಲಿ ಎನ್ನುತ್ತಾರೆಂದು ತಿಳಿದೆ. "ಹೋಗ್ಲಿ ಬಿಡ್ರಿ ಅಕ್ಕೋರ. ಒಂದ ಶಬ್ದ. ಜಲ್ದಿ ಮುಗೀಲಿ. ಹುಡುಗಗಽ ಚಲೋ ಆಗ್ತೈತಿ" ಎಂದರು.

ಅವನು ಮತ್ತೆ ಶುರುಮಾಡಿದ. "ಎಲ್ಲರಿಗೂ ನಮಸ್ಕಾರ. ನನ್ನ ಮಾತಿನಿಂದ ನಮ್ಮ..." ನಿಂತ. "ತಪ್ಪಾತ್ರಿ."

ಮತ್ತೊಮ್ಮೆ. ಮತ್ತೆಯೂ 'ನಮ್ಮ' ಬಂತು. ಶೆಡ್ಡಿನ ಅಂಗಳದಲ್ಲಿ ಒಮ್ಮೆಯೂ ತಪ್ಪದ ಹುಡುಗ. ಕಿರಿಯವನು ನಕ್ಕುಬಿಟ್ಟ. ಕೆಟ್ಟ ನಗುವೇನಲ್ಲ, ಬೇಸತ್ತವರ ನಗು. "ಏನಪಾ, ಬಾಯಿ ತಿರಗವಲ್ದು ನಿಂದು?"

ಒಳಬಾಗಿಲಲ್ಲಿ ನಿಂತಿದ್ದ ಅಮ್ಮಿ ಮಗನನ್ನು ಕೇಳಿದರು, "ಕ್ಯಾ ಬೋಲ್ರೈಂ ಉನೋ?" ಏನನ್ನುತ್ತಿದ್ದಾರೆ ಎಂದು. ರಿಯಾಜ್ ಕಣ್ಣು ಮುಚ್ಚಿಕೊಂಡು ತುಟಿಯಲ್ಲೇ ಸಾಲನ್ನು ಒಮ್ಮೆ ಅಂದುಕೊಂಡ. ಕಣ್ಣು ತೆರೆದು ಒಂದೇ ಉಸಿರಿಗೆ ಹೇಳಿ ಮುಗಿಸಿದ. "ಕನ್ನಡಿಗರ ಭಾಷೆಗೆ ನೋವಾಗಿದ್ದರೆ ಕನ್ನಡಿಗರಲ್ಲಿ ಕ್ಷಮೆ ಕೇಳುತ್ತೇನೆ." ನಾನು ಹೇಳಿಕೊಟ್ಟ ಉಚ್ಚಾರ. ಒಂದು ಅಕ್ಷರವೂ ಹಿಡಿಯುವಂತಿರಲಿಲ್ಲ.

"ಚಲೋ ಬಂತು" ಎಂದು ಫೋನ್ ಜೇಬಿಗಿಟ್ಟರು. ಹಿರಿಯರು ಅವನ ಭುಜ ತಟ್ಟಿದರು, ನೋವಿದ್ದ ಭುಜವನ್ನೇ. ಅಮ್ಮಿ ಎಲ್ಲರಿಗೂ ಚಹಾ ಕೊಟ್ಟರು. ಎಲ್ಲರೂ ಕುಡಿದರು.

ಆ ಸಂಜೆಯೇ ಸಂಘದವರ ಸಂದೇಶ ಬಂತು. ತಪ್ಪಾಯಿತು ಎಂದು ಕಲಾವಿದರೇ ಒಪ್ಪಿಕೊಂಡಿರುವುದರಿಂದ ಈ ಸಲ ಬೇಡ, ನಮ್ಮ ಸದಸ್ಯರಲ್ಲಿ ಅಸಮಾಧಾನವಿದೆ ಎಂದು.

ಖಾನಾಪುರ

ನಾನು ಊರಿಗೆ ಹೊರಡುವ ದಿನ. ಖಾನಾಪುರದಲ್ಲಿ ರೈಲು ಹತ್ತಿ ಲೋಂಡಾ, ಅಲ್ಲಿಂದ ಮಡಗಾಂವ್, ಅಲ್ಲಿಂದ ಕಾಸರಗೋಡು. ಖಾನಾಪುರದವರೆಗೆ ರಿಯಾಜ್ ಜೊತೆಗೆ ಬಂದ. ಓಂಕಾರ ತನ್ನ ಬಾಯಿಂದ, ಮರಾಠಿಯಲ್ಲಿ, 'ಅದು ರಿಯಾಜ್ ನನ್ನ ಪಾತ್ರದಲ್ಲಿ ಆಡಿದ ಮಾತು' ಎಂದು ಒಂದು ವಿಡಿಯೊ ಮಾಡಿದರೆ ಸಂಘದವರು ನಂಬಿಯಾರು ಎಂಬ ಆಸೆ ಅವನಿಗಿತ್ತು. ಅಕ್ಕೋರು ಜೊತೆಗಿದ್ದರೆ ಕೇಳಲು ಧೈರ್ಯ ಎಂದ.

ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಕೂತಿದ್ದ. ಬಿತ್ತನೆಗೆ ಉತ್ತ ಕೆಂಪು ಹೊಲ, ಇಟ್ಟಿಗೆ ಗೂಡಿನ ಹೊಗೆ, ಸಾಲಾಗಿ ಜೋಡಿಸಿದ ಹೆಂಚು. ನಮ್ಮೂರಿನ ಮನೆಗಳ ಹೆಂಚೂ ಹೀಗೇ ಎಂದೆ. "ಹೂಂರಿ" ಎಂದ.

ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ಓಂಕಾರನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಗಲ್ಲಿಯ ತುದಿಯಲ್ಲೇ ಒಬ್ಬ ದಪ್ಪ ಮೀಸೆಯವರು ರಿಯಾಜ್‌ನನ್ನು ನೋಡಿ ಎದ್ದು ಬಂದರು. ಓಂಕಾರನ ಕಾಕಾ. ಹೊಡೆಯುತ್ತಾರೇನೋ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವರು ಅವನನ್ನು ಬಾಚಿ ತಬ್ಬಿಕೊಂಡರು.

"ಶಾಬ್ಬಾಸ್! ಚಾಂಗ್ಲಂ ಬೋಲ್ಲಾಸ್! ವಾಘ ಆಹೇಸ್ ತೂ!" ಚೆನ್ನಾಗಿ ಹೇಳಿದೆ, ಹುಲಿ ನೀನು ಎಂದು. ಅದೇ ವಿಡಿಯೊ ಈ ಗಲ್ಲಿಗೂ ಬಂದಿತ್ತು. ಇಲ್ಲಿ ಕೆಳಗಿನ ಸಾಲು ಬೇರೆ ಇತ್ತು. ಸುತ್ತಲಿನ ನಾಲ್ಕಾರು ಮಂದಿ ಬಂದು ಕೈಕುಲುಕಿದರು. ಒಬ್ಬರು ಬೆಲ್ಲದ ತುಂಡು ತಂದು ಬಾಯಿಗಿಟ್ಟರು. ರಿಯಾಜ್ ಅದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ.

"ಕಾಕಾ, ತೋ ಗೇಮ್ ಹೋತಾ" ಎಂದ ಕೊನೆಗೆ. ಅದು ಆಟ ಆಗಿತ್ತು ಎಂದು.

"ಹಾಂ ಹಾಂ, ಗೇಮ್!" ಎಂದು ಕಾಕಾ ಕಣ್ಣು ಮಿಟುಕಿಸಿ ಜೋರಾಗಿ ನಕ್ಕರು.

ಓಂಕಾರ ಲಾರಿಯ ಕೆಲಸದಿಂದ ಬಂದ. ಮೈತುಂಬ ಇಟ್ಟಿಗೆಯ ಕೆಂಪು ಧೂಳು. ನಾವು ಮೂವರೂ ಮನೆಯ ಹಿಂದೆ, ಒಡೆದ ಹೆಂಚಿನ ರಾಶಿಯ ಹತ್ತಿರ ನಿಂತೆವು. ರಿಯಾಜ್ ಕೇಳಿದ. ಓಂಕಾರ ಒಂದು ಒಡೆದ ಹೆಂಚನ್ನು ಕಾಲಿನಿಂದ ಸರಿಸಿದ.

"ಮಾಡ್ತಿದ್ದೆ ದೋಸ್ತ. ಆಯಿ ಆಣೆ ಮಾಡ್ತಿದ್ದೆ" ಎಂದ. ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕೋರ, ನೀವ ಹೇಳ್ರಿ. ಅದು ಓಂಕಾರನ ಪಾತ್ರದ ಮಾತು ಅಂದ್ರ, ಕನ್ನಡಕ್ಕ ಹಂಗ ಅಂದಾವ ನಾನಽ ಅಂತ ಆಗ್ತೈತಿ. ಈಗ ಇವನ ಮನೀಗೆ ಬಂದಾವ್ರು ನಾಳೆ ಈ ಗಲ್ಲಿಗೆ ಬರ್ತಾರ. ಇವನ ಮನೀಗೆ ಮೂರ ಮಂದಿ ಬಂದ್ರು. ಇಲ್ಲಿ ಕಾಕಾನಂಥಾವ್ರು ಐದಾರ ಮಂದಿ ಅದಾರ. ಅವ್ರು ಸುಮ್ನ ಚಹಾ ಕೊಟ್ಟು ಕಳಸೂದಿಲ್ಲ. ಆಮ್ಯಾಲ ಏನ್ ಆಗ್ತೈತಿ?"

ಅವನು ಹೇಳಿದ್ದು ಸರಿಯಾಗಿತ್ತು.

"ಇಲ್ಲಾ ಅಂದ್ರ ನಾನೂ ಅದು ಬರೇ ರಿಯಾಜ್‌ನ ಮಾತು ಅನ್ನಬೇಕು. ಅದನ್ನಂತೂ ಅನ್ನೂದಿಲ್ಲ" ಎಂದ ಓಂಕಾರ. "ಅದಕ್ಕ ಸುಮ್ನ ಇರ್ತೀನಿ. ಸುಮ್ನ ಇರೂದೂ ಅದನ್ನ ಅಂದಂಗಽ ಅಂತ ಗೊತ್ತೈತಿ."

ರಿಯಾಜ್ ಅವನ ಬೆನ್ನಿನ ಧೂಳು ಕೊಡವಿದ. "ಬಿಡ್ ಲೇ" ಎಂದ. ಅದು ಅವನ ಬಾಯಿಂದ ನಾನು ಕೇಳಿದ ಕೊನೆಯ ಕನ್ನಡ.

ಮುಂದಿನ ವಾರ ಬರುತ್ತೀಯಲ್ಲ ಎಂದು ಓಂಕಾರ ಮರಾಠಿಯಲ್ಲಿ ಕೇಳಿದ. ರಿಯಾಜ್ ತಲೆಯಾಡಿಸಿದ್ದು ಹೌದೆಂದೋ ಅಲ್ಲವೆಂದೋ ನನಗೆ ಹೇಳಲಾಗದು.

ಖಾನಾಪುರ ಸ್ಟೇಷನ್

ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನಲ್ಲಿ ಕೂತೆವು. ಬೋರ್ಡಿನಲ್ಲಿ ಊರಿನ ಹೆಸರು ಮೂರು ಲಿಪಿಗಳಲ್ಲಿತ್ತು. ನಮ್ಮೂರಿನ ಬೋರ್ಡಿನಲ್ಲೂ ಹಾಗೆಯೇ, ಎರಡನೆಯದೋ ಮೂರನೆಯದೋ ಸಾಲಿನಲ್ಲಿ ಕನ್ನಡ. ಅದು ಎಷ್ಟನೆಯ ಸಾಲಿನಲ್ಲಿರಬೇಕೆಂದು ನಾವೂ ಒಂದು ಕಾಲದಲ್ಲಿ ಬೀದಿಗಿಳಿದವರೇ. ಆಗ ನನ್ನ ಕನ್ನಡ ನನ್ನದು ಹೌದೋ ಅಲ್ಲವೋ ಎಂದು ನಮ್ಮ ಕಡೆಯವರು ಯಾರೂ ಕೇಳಿರಲಿಲ್ಲ. ಹೆಸರು ನೋಡಿಯೇ ಹೌದೆಂದುಕೊಂಡಿದ್ದರು.

ಪಕ್ಕದಲ್ಲಿ ಗಂಟು ಹಿಡಿದು ಕೂತಿದ್ದ ಹತ್ತಿರದ ಪಾರಿಶ್ವಾಡ ಎಂಬ ಹಳ್ಳಿಯ ಕಡೆಯ ಅಜ್ಜ ರಿಯಾಜ್‌ನನ್ನು, "ತಮ್ಮಾ, ಲೋಂಡಾ ಗಾಡಿ ಇದಽ ಪ್ಲಾಟ್‌ಫಾರ್ಮಿಗೆ ಬರ್ತೈತೇನು?" ಎಂದು ಕೇಳಿದರು.

"ಹಾಂ ಚಾಚಾ, ಯಹೀಂ ಆಯೇಗಿ" ಎಂದ ರಿಯಾಜ್. ಇಲ್ಲಿಗೇ ಬರುತ್ತದೆ ಎಂದು, ಹಿಂದಿಯಲ್ಲಿ.

ಅಜ್ಜ ಅವನ ಮುಖ ನೋಡಿ, ದನಿ ಎತ್ತರಿಸಿ, ಹರಕು ಹಿಂದಿಯಲ್ಲಿ ಥ್ಯಾಂಕ್ಸ್ ಹೇಳಿದರು. ಹೊರಗಿನ ಹುಡುಗ ಎಂದುಕೊಂಡಿರಬೇಕು.

ನಾನು ಅವನಿಗೆ ಏನಾದರೂ ಹೇಳಬೇಕೆಂದು ತುಂಬ ಯೋಚಿಸಿದೆ. ಮುಂದಿನ ವರ್ಷ ಕರೆಯುತ್ತಾರೆ ಎನ್ನಬಹುದಿತ್ತು. ಕರೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. "ಭುಜದ ವ್ಯಾಯಾಮ ಬಿಡಬೇಡ" ಎಂದೆ.

"ಜೀ" ಎಂದ.

"ಹಾಡುವುದನ್ನೂ ಬಿಡಬೇಡ ರಿಯಾಜ್. ಕನ್ನಡದಲ್ಲಿ ಹಾಡು."

ಅವನು ಹಳಿಗಳನ್ನು ನೋಡುತ್ತಿದ್ದ. ಬಾಯಿ ತೆರೆದ. ತುಟಿ ಯಾವುದೋ ಪದದ ಆಕಾರಕ್ಕೆ ಬಂದು ನಿಂತಿತು. ಆಮೇಲೆ ಮುಚ್ಚಿಕೊಂಡಿತು. ಸಿಟ್ಟಾಗಲಿ ಹಟವಾಗಲಿ ಅವನ ಮುಖದಲ್ಲಿರಲಿಲ್ಲ. ಜಾರುವ ನೆಲದಲ್ಲಿ ನಡೆಯುವವನು ಕಾಲಿಡುವ ಜಾಗ ಆರಿಸುವ ಹಾಗೆ ಅವನು ಒಂದೊಂದು ಪದವನ್ನೂ ಆರಿಸುತ್ತಿದ್ದ.

ಗಾಡಿ ಬಂತು. ನನ್ನ ಚೀಲವನ್ನು ಅವನೇ ಎತ್ತಿಕೊಂಡು, ನೋವಿಲ್ಲದ ಕೈಯಲ್ಲಿ, ಒಳಗಿಟ್ಟು ಸೀಟು ಹಿಡಿದು ಕೊಟ್ಟ. ಕೆಳಗಿಳಿದು ಕಿಟಕಿಯ ಹತ್ತಿರ ನಿಂತ.

"ಊರಿಗೆ ಬಾ ಒಮ್ಮೆ" ಎಂದೆ. "ನಮ್ಮ ಮನೆಗೆ."

"ಆಪ್ ಆರಾಮ್ ಸೇ ಜಾಯಿಯೇ, ಮೇಡಂ" ಎಂದ ರಿಯಾಜ್.